ಟಿಲ್ಲರ್ ಕೊಯ್ದ ಕಥೆ

ಟಿಲ್ಲರ್ ಎಂದರೆ ನಮ್ಮ ಊರುಗಳಲ್ಲಿ ಗದ್ದೆ ಉಳುವ ಪವರ್ ಟಿಲ್ಲರ್. ಹಾಗಾಗಿ 'ಟಿಲ್ಲರ್ ಉದ್ದ ಆಯ್ತು, ಕೊಯ್ಯಲೇಬೇಕು' ಎಂದು ನಾವು ಫೋನಿನಲ್ಲಿ ಚರ್ಚಿಸುವುದನ್ನು ಕೇಳಿದ ಮನೆಯವರಿಗೆ ನಮ್ಮ ತಲೆಯ ಬಗ್ಗೆಯೇ ಅನುಮಾನ ಬಂದಿತ್ತು.

ನಾವು ಹೇಳುತ್ತಿದ್ದುದು ಹಾಯಿದೋಣಿಯ ಟಿಲ್ಲರ್. ದೋಣಿಯ ಹಿಂದೆ ನೀರಿಗಿಳಿದ ಚುಕ್ಕಾಣಿಯ ಹಲಗೆಯನ್ನು ತಿರುಗಿಸಲು ಅದರ ತಲೆಗೆ ಸಿಕ್ಕಿಸಿದ ಮರದ ಕೋಲು ಅದು. ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ಹೋಗುತ್ತದೆ. 'ಪಂಚಾಯಿತಿಯ ಚುಕ್ಕಾಣಿ ಹಿಡಿದರು' ಎಂದು ಎಷ್ಟು ವರದಿ ಬರೆದಿದ್ದೇವೋ ಲೆಕ್ಕವಿಲ್ಲ. ನಿಜವಾದ ಚುಕ್ಕಾಣಿ ಕೈಗೆ ಬಂದದ್ದು ಮಾತ್ರ ನಾಲ್ವರು ಪಾಲು ಹಾಕಿ 18 ಅಡಿಯ ಹಳೆಯ ಫೈಬರ್ ಹಾಯಿದೋಣಿಯೊಂದನ್ನು ಕೊಂಡು ಹೊನ್ನಾವರದ ಶರಾವತಿಗೆ ಇಳಿಸಿದ ಮೇಲೆ.

ದೋಣಿಯಲ್ಲಿ ಕೂರುವ ಜಾಗ, ಅಂದರೆ ಕಾಕ್‌ಪಿಟ್, ಸುಮಾರು 6 ಅಡಿ ಉದ್ದ. ಟಿಲ್ಲರ್ 45 ಇಂಚು. ಅದು ಅತ್ತಿತ್ತ ತಿರುಗುವಾಗ ಕಾಕ್‌ಪಿಟ್ಟಿನ ಅರ್ಧಕ್ಕಿಂತ ಹೆಚ್ಚು ಜಾಗ ಗುಡಿಸಿದಂತಾಗುತ್ತಿತ್ತು. ನಾಲ್ಕು ಜನ ಕೂತರೆ ಒಬ್ಬರ ಮೊಣಕಾಲಿಗೆ ಪೆಟ್ಟು ಖಂಡಿತ. ದಿಕ್ಕು ಬದಲಿಸುವಾಗಲೆಲ್ಲ ಊಟದ ಡಬ್ಬಿ, ಕ್ಯಾಮೆರಾ ಚೀಲ ಎತ್ತಿಕೊಂಡು ಎದ್ದು ನಿಲ್ಲಬೇಕು. ಒಂದು ಡಿಸೆಂಬರಿನ ಭಾನುವಾರ ಗರಗಸ ತಂದು 15 ಇಂಚು ಕೊಯ್ದೆವು. ಎರಡೇ ನಿಮಿಷದ ಕೆಲಸ. ಕಾಲು ಚಾಚಿ ಕೂತು ಚಹಾ ಕುಡಿದೆವು.

ಬೆಳಗಿನ ತೆಳು ಗಾಳಿಯಲ್ಲಿ ಏನೂ ತೊಂದರೆಯಾಗಲಿಲ್ಲ. ಎರಡು ತಿಂಗಳು ನಮ್ಮ ಜಾಣತನಕ್ಕೆ ನಾವೇ ತಲೆದೂಗಿದೆವು.

ಫೆಬ್ರವರಿಯ ಒಂದು ಮಧ್ಯಾಹ್ನ ಕೊಂಕಣ ರೈಲ್ವೆ ಸೇತುವೆಯ ಮೇಲ್ಗಡೆ, ಕಂಬಗಳಿಗೆ ಸಮಾನಾಂತರವಾಗಿ ಉತ್ತರದ ದಡದತ್ತ ಹೋಗುತ್ತಿದ್ದೆವು. ಇಳಿತದ ಹೊತ್ತು, ನೀರು ಸಮುದ್ರದ ಕಡೆ ಎಳೆಯುತ್ತಿತ್ತು. ಪಡುವಣ ಗಾಳಿ ಒಮ್ಮೆಲೇ ಬಿರುಸಾಗಿ ದೋಣಿ ವಾಲಿತು. ಹೀಗೆ ವಾಲಿದಾಗ ಹಾಯಿದೋಣಿಯ ಮೂತಿ ತಾನಾಗಿ ಗಾಳಿಯ ಕಡೆ ತಿರುಗುತ್ತದೆ. ಟಿಲ್ಲರ್ ಎಳೆದು ಅದನ್ನು ತಡೆಯಬೇಕು. ನಾವು ಎಳೆದೆವು. ಇಬ್ಬರು ಸೇರಿ ಎಳೆದರೂ ಸಾಲಲಿಲ್ಲ. ಮೂತಿ ಸೇತುವೆಯತ್ತ ತಿರುಗಿತು, ಹಾಯಿ ಪಟಪಟ ಬಡಿಯಿತು, ದೋಣಿಯ ಓಟ ನಿಂತಿತು. ಓಟವಿಲ್ಲದ ದೋಣಿಯಲ್ಲಿ ಚುಕ್ಕಾಣಿಗೆ ಕೆಲಸವಿಲ್ಲ. ಹೊಳೆಯ ಸೆಳೆತ ನಮ್ಮನ್ನು ಅಡ್ಡಡ್ಡವಾಗಿ ಕಂಬದ ಕಡೆ ಒಯ್ಯುತ್ತಿತ್ತು. ಲೈಫ್ ಜಾಕೆಟ್ ಇತ್ತು, ಧೈರ್ಯ ಇರಲಿಲ್ಲ. ಹುಟ್ಟನ್ನು ಕಂಬಕ್ಕೆ ಕೊಟ್ಟು ಒದ್ದೆವು. ಅಂಚು ಕಿರ್ರೆಂದು ಉಜ್ಜಿ ಹೋಯಿತು. ಮೀನಿಗೆ ಹೊರಟಿದ್ದ ದೋಣಿಯೊಂದು ಹಗ್ಗ ಎಸೆದು ಎಳೆದುಕೊಂಡಿತು.

ಆ ದೋಣಿಯ ಹಿರಿಯರು ನಮ್ಮನ್ನು ಬೈಯಲಿಲ್ಲ. ನಮ್ಮ ದೋಣಿಯ ಹಿಂಬದಿ ನೋಡಿ, 'ಹಲಗೆ ಮಲಗಿಬಿಟ್ಟಿದೆಯಲ್ಲ' ಅಂದರು ಅಷ್ಟೇ.

ಆಮೇಲೆ ಲೆಕ್ಕ ಹಾಕಿದೆವು. ಟಿಲ್ಲರ್ ಒಂದು ಸನ್ನೆಗೋಲು. 45 ಇಂಚನ್ನು 30ಕ್ಕೆ ಇಳಿಸಿದರೆ ಅದೇ ಕೆಲಸಕ್ಕೆ ಒಂದೂವರೆ ಪಟ್ಟು ಬಲ ಬೇಕು. ಹೈಸ್ಕೂಲಿನ ಪಾಠ. ನಮಗೆ ಸಿಕ್ಕ ಕಾಲು ಚಾಚುವ ಜಾಗ ಪುಕ್ಕಟೆ ಬಂದದ್ದಲ್ಲ, ನಮ್ಮದೇ ತೋಳಿನಿಂದ ಕಿತ್ತುಕೊಂಡದ್ದು.

ಆದರೆ ಹಿರಿಯರು ತೋರಿಸಿದ್ದು ಅದಕ್ಕಿಂತ ದೊಡ್ಡ ತಪ್ಪನ್ನು. ನಮ್ಮ ಚುಕ್ಕಾಣಿಯ ಹಲಗೆ ಮರಳಿಗೆ ತಾಗಿದರೆ ಮೇಲೇಳುವಂಥದ್ದು. ಅದನ್ನು ನೆಟ್ಟಗೆ ಹಿಡಿದಿಡಲು ಒಂದು ಹಗ್ಗವಿದೆ. ಆ ಹಗ್ಗ ಹಳತಾಗಿ ಹಿಗ್ಗಿತ್ತು. ವೇಗ ಬಂದಾಗಲೆಲ್ಲ ಹಲಗೆ ಹಿಂದಕ್ಕೆ ವಾಲುತ್ತಿತ್ತು. ಹಲಗೆ ಹಿಂದೆ ಹೋದಷ್ಟೂ ಅದರ ಮೇಲೆ ಬೀಳುವ ನೀರಿನ ಒತ್ತಡ ತಿರುಗು ಅಕ್ಷದಿಂದ ದೂರವಾಗಿ, ಟಿಲ್ಲರ್ ಭಾರವಾಗುತ್ತದೆ. ಅಂದರೆ ನೀರಿನಡಿಯ ಸನ್ನೆಗೋಲು ನಮಗೆ ಗೊತ್ತಿಲ್ಲದೇ ಉದ್ದವಾಗುತ್ತಿದ್ದಾಗ, ಮೇಲಿನದನ್ನು ನಾವೇ ಗಿಡ್ಡ ಮಾಡಿದ್ದೆವು.

ಮೀನು ತೂಗುವ ಕೊಕ್ಕೆತಕ್ಕಡಿಯನ್ನು ಟಿಲ್ಲರಿನ ತುದಿಗೆ ಸಿಕ್ಕಿಸಿ ಬಿರುಗಾಳಿಯಲ್ಲದಿದ್ದರೂ ಒಳ್ಳೆಯ ಗಾಳಿಯಲ್ಲಿ ಅಳೆದೆವು. ಹಲಗೆ ಮಲಗಿದ್ದಾಗ 12 ಕಿಲೋ ಎಳೆತ. ಹಿಗ್ಗದ ಹೊಸ ಹಗ್ಗ ಕಟ್ಟಿ ಹಲಗೆ ನೆಟ್ಟಗೆ ನಿಲ್ಲಿಸಿದ ಮೇಲೆ 5 ಕಿಲೋ. ಗಾಳಿ ಏರುವ ಮೊದಲೇ ಹಾಯಿ ಕಿರಿದು ಮಾಡಿದರೆ ಇನ್ನೂ ಕಡಿಮೆ. ದೋಣಿ ವಾಲುವುದೇ ಕಮ್ಮಿಯಾಗುತ್ತದಲ್ಲ.

ಟಿಲ್ಲರ್ ಬದಲು ಚಕ್ರ ಹಾಕೋಣವೆಂದು ನಮ್ಮಲ್ಲೊಬ್ಬರು ವಾದಿಸಿದರು. ಇಷ್ಟು ಚಿಕ್ಕ ದೋಣಿಯಲ್ಲಿ ಅದರ ಕಂಬಕ್ಕೇ ಜಾಗ ಬೇಕು ಎಂದು ಕೈಬಿಟ್ಟೆವು. ಮತ್ತೆ 45 ಇಂಚಿನದನ್ನೇ ಮಾಡಿದೆವು, ಆದರೆ ಬಾಗಿಸಿ. 6 ಮಿಲಿಮೀಟರ್ ದಪ್ಪದ ಐದು ಸಾಗುವಾನಿ ಪಟ್ಟಿಗಳನ್ನು ಥಿನ್ನರಿನಲ್ಲಿ ಒರೆಸಿ (ಸಾಗುವಾನಿಯ ಎಣ್ಣೆಯಂಶ ತೆಗೆಯದಿದ್ದರೆ ಅಂಟು ಕೂರುವುದಿಲ್ಲ), ಎಪಾಕ್ಸಿ ಹಚ್ಚಿ, ಹಲಗೆಗೆ ಹೊಡೆದ ಗೂಟಗಳ ನಡುವೆ ಬಾಗಿಸಿ ಕ್ಲಾಂಪ್ ಬಿಗಿದು ಎರಡು ದಿನ ಬಿಟ್ಟೆವು. ಬಿಚ್ಚಿದಾಗ ಮರ ತುಸು ಹಿಂದಕ್ಕೆ ನೆಟ್ಟಗಾಗುತ್ತದೆ. ಹಾಗಾಗಿ ಬೇಕಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಬಾಗಿಸಿದ್ದೆವು. ಈಗ ಕೋಲು ಮೊಣಕಾಲುಗಳ ಮೇಲಿಂದ ಹಾದುಹೋಗುತ್ತದೆ. ಚುಕ್ಕಾಣಿಯ ತಲೆಯ ಹತ್ತಿರ ಒಂದೇ ಬೋಲ್ಟಿನ ಮೇಲೆ ಅದು ಮೇಲಕ್ಕೆ ಮಡಚುತ್ತದೆ. ಲಂಗರು ಹಾಕಿದಾಗ ಕಾಕ್‌ಪಿಟ್ ಪೂರ್ತಿ ಖಾಲಿ. ತುದಿಗೆ ಅತ್ತಿತ್ತ ಆಡುವ ತೆಳ್ಳಗಿನ ಕೈಕೋಲೊಂದನ್ನು ಜೋಡಿಸಿದ್ದರಿಂದ ಗಾಳಿ ಬರುವ ಕಡೆಯ ಅಂಚಿನಲ್ಲಿ ಕೂತೇ ನಡೆಸಬಹುದು. ಅದೇ ಗಾಳಿಯಲ್ಲಿ ತಕ್ಕಡಿ ಈಗ ಮೂರು ಕಿಲೋ ಚಿಲ್ಲರೆ ತೋರಿಸುತ್ತದೆ. ಎರಡು ಬೆರಳು ಸಾಕು ಎನ್ನಲಾರೆವು, ಒಂದು ಕೈ ಸಾಕು.

ಅಂದಿನಿಂದ ದಡ ಬಿಡುವ ಮೊದಲು ಒಬ್ಬರು ಬಗ್ಗಿ ಹಲಗೆಯ ಹಗ್ಗ ಎಳೆದು ನೋಡುವುದು ಪದ್ಧತಿಯಾಗಿದೆ. ಕೊಯ್ದ 15 ಇಂಚಿನ ತುಂಡನ್ನು ಎಸೆದಿಲ್ಲ. ಲಂಗರು ಹಾಕಿ ಊಟಕ್ಕೆ ಕೂತಾಗ, ಮಡಚಿದ ಹೊಸ ಟಿಲ್ಲರ್ ತಲೆಯ ಮೇಲೆ ಬೀಳದಂತೆ ಅದನ್ನೇ ಆನಿಕೆ ಕೊಡುತ್ತೇವೆ.