ತೊಂಬತ್ತೆಂಟು ದಿನಗಳ ಮುಖ್ಯಮಂತ್ರಿ

1746ರ ಫೆಬ್ರುವರಿ. ಲಂಡನ್ನಿನಲ್ಲಿ ಪ್ರಧಾನಿ ಪೆಲ್ಹಮ್ ಸಂಪುಟ ಸಾಮೂಹಿಕವಾಗಿ ರಾಜೀನಾಮೆ ಕೊಟ್ಟಿತು. ಎರಡನೇ ಜಾರ್ಜ್ ದೊರೆ ತನಗೆ ಬೇಕಾದ ಬಾತ್ ಮತ್ತು ಗ್ರಾನ್‌ವಿಲ್ ಪ್ರಭುಗಳನ್ನು ಕರೆಸಿದ. ಮಂತ್ರಿಯಾಗಲು ಜನವೇ ಸಿಗಲಿಲ್ಲ. ಎರಡೇ ದಿನಕ್ಕೆ ಆಟ ಮುಗಿಯಿತು, ಪೆಲ್ಹಮ್ ಮರಳಿದ.

ನಮ್ಮಲ್ಲೂ ಇಂಥದ್ದೊಂದು ಕಥೆಯಿದೆ. ಹರಪನಹಳ್ಳಿ ಸೀಮೆಯ ಹಲುವಾಗಿಲಿನಲ್ಲಿ ಹುಟ್ಟಿ, ದಾವಣಗೆರೆಯಲ್ಲಿ ಶಾಲೆ ಕಲಿತ ಕಾಂಗ್ರೆಸ್ ನಾಯಕ ಎಸ್. ನಿಜಲಿಂಗಪ್ಪ 1962ರ ಚುನಾವಣೆಯಲ್ಲಿ ಹೊಸದುರ್ಗದಲ್ಲಿ ಸೋತರು. ದಾವಣಗೆರೆ ಆಗಿನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಹೊಸದುರ್ಗವೂ ಅದೇ ಜಿಲ್ಲೆ. ಆಗಿನ ಮೈಸೂರು ರಾಜ್ಯದಲ್ಲಿ ಪಕ್ಷ ಗೆದ್ದಿದೆ, ತವರು ನೆಲದಲ್ಲಿ ನಾಯಕ ಬಿದ್ದಿದ್ದಾರೆ!

ಆಗ ಮಾರ್ಚ್ 14ರಂದು ಮುಖ್ಯಮಂತ್ರಿಯಾದವರು ಹುನಗುಂದದ ಎಸ್.ಆರ್. ಕಂಠಿ. ಅದುವರೆಗೆ ವಿಧಾನಸಭೆಯ ಸ್ಪೀಕರ್ ಆಗಿದ್ದವರು. ನಿಜಲಿಂಗಪ್ಪ ಬಾಗಲಕೋಟೆಯ ಉಪಚುನಾವಣೆಯಿಂದ ಸದನಕ್ಕೆ ಬಂದರು. ಜೂನ್ ಮೂರನೇ ವಾರ ಕಂಠಿ ಕುರ್ಚಿ ಬಿಟ್ಟುಕೊಟ್ಟರು.

ಬಾತ್ ಪ್ರಭುವಿಗೆ ಬೆಂಬಲಿಗರಿರಲಿಲ್ಲ. ಕಂಠಿಯವರಿಗೆ ಬಹುಮತವೇ ಇತ್ತು, ಆದರೂ ಇಳಿದರು. ಇಂದಿನ ರಾಜಕಾರಣ ನೋಡಿದವರಿಗೆ ಇದನ್ನು ನಂಬುವುದೇ ಕಷ್ಟ. ಬಳಿಕ ಅವರು ಅದೇ ನಿಜಲಿಂಗಪ್ಪನವರ ಸಂಪುಟದಲ್ಲಿ ಶಿಕ್ಷಣ ಮಂತ್ರಿಯಾದರು. 1963ರಲ್ಲಿ ವಿಜಾಪುರದಲ್ಲಿ ಸೈನಿಕ ಶಾಲೆ ಆರಂಭವಾದದ್ದು ಆ ಅವಧಿಯಲ್ಲೇ.