ದಾರಿ ನೋಡಿ ಸೈಕಲ್ ಕೊಳ್ಳಿ

ಹಳೇ ಫುಲ್ ಸಸ್ಪೆನ್ಷನ್ ಸೈಕಲ್ ಕೊಟ್ಟು ಹೊಸದು ಕೊಳ್ಳುವ ವೇಮಗಲ್ ಕಡೆಯ ಗೆಳೆಯರಿಗೆ ಒಂದು ಮಾತು: ರೇಟು, ಬಣ್ಣ ಆಮೇಲೆ, ಮೊದಲು ಓಡಿಸುವ ದಾರಿ ನೋಡಿ. ನೀಲಗಿರಿ ತೋಪಿನ ಮಣ್ಣುದಾರಿಗೆ ಮುಂದಿನ ಶಾಕ್ ಒಂದಿದ್ದರೆ ಸಾಕು. ಅಂತರಗಂಗೆ ಬೆಟ್ಟದಂಥ ಕಲ್ಲುಬಂಡೆ ಇಳಿಯುವವರಿಗೆ ಹಿಂದಿನದೂ ಬೇಕು. 120ರಿಂದ 140 ಮಿ.ಮೀ. ಟ್ರಾವೆಲ್ ಧಾರಾಳ. ಹಳೆಯ 26 ಇಂಚಿನ ಚಕ್ರ ತಡವರಿಸುವ ಕಲ್ಲಿನ ಮೇಲೆ 29 ಇಂಚಿನದು ಸಲೀಸಾಗಿ ಹತ್ತಿಳಿಯುತ್ತದೆ. ನಮ್ಮದು ಜಾಲಿಮುಳ್ಳಿನ ಸೀಮೆ, ಟ್ಯೂಬ್‌ಲೆಸ್ ಟೈರು, ಒಳಗೆ ಸೀಲೆಂಟ್ ಇರಲೇಬೇಕು. ದುಡ್ಡು ಕೊಡುವ ಮುಂಚೆ ಹತ್ತಿ ಕೂತು ನೋಡಿ: ಹಿಂದಿನ ಶಾಕ್ ಸುಮಾರು ಶೇ 25ರಿಂದ 30ರಷ್ಟು ಕುಗ್ಗಬೇಕು. ನಿಮ್ಮ ತೂಕಕ್ಕೆ ತಕ್ಕಂತೆ ಅದರ ಗಾಳಿ ಹೊಂದಿಸಿಕೊಡುವ, ಮುಂದೆ ಸರ್ವಿಸನ್ನೂ ಮಾಡಿಕೊಡುವ ಅಂಗಡಿಯಲ್ಲೇ ಕೊಳ್ಳಿ.