ಮಿರ್ಜಾನ್ ಕೋಟೆಯಲ್ಲಿ ನಿಧಿ ಬೇಟೆ!

ಕತ್ತಲೆ ಸುರಂಗ. ನಾಯಕನ ಕೈಯಲ್ಲಿ ಪಂಜು. ಹಿಂದಿನಿಂದ ವಜ್ರಮುನಿಯ ಅಟ್ಟಹಾಸ. ಕಲ್ಲು ಸರಿಸಿದರೆ ಕೊಪ್ಪರಿಗೆ ತುಂಬ ಹೊನ್ನು! ಇಂಥ ಸೀನಿಗೆ ಶಿಳ್ಳೆ ಹೊಡೆಯದವರು ನಮ್ಮಲ್ಲಿ ಯಾರಿದ್ದಾರೆ ಹೇಳಿ?

ನನ್ನ ಗೆಳೆಯನೊಬ್ಬ ಮಾತ್ರ ಶಿಳ್ಳೆಗೇ ನಿಲ್ಲಲಿಲ್ಲ. ಯಾವನೋ ‘ಸ್ವಾಮಿ’ಗೆ ಎರಡು ತಿಂಗಳ ಸಂಬಳ ಸುರಿದು ಒಂದು ನಕ್ಷೆ ತಂದಿದ್ದ. ಅದರಲ್ಲಿದ್ದದ್ದು ಉತ್ತರ ಕನ್ನಡದ ಮಿರ್ಜಾನ್ ಕೋಟೆ.

“ಬಾರೋ, ಸಿಕ್ಕಿದ್ರೆ ಅರ್ಧ ನಿಂದು” ಅಂದ. ಒಬ್ಬನೇ ಹೋಗಿ ಪೊಲೀಸರ ಕೈಗೆ ಬಿದ್ದಾನೆಂಬ ಹೆದರಿಕೆಗೆ ನಾನೂ ಹೊರಟೆ. ಸ್ವಲ್ಪ ಆಸೆಯೂ ಇತ್ತೆನ್ನಿ!

ಶಂಕರನಾಗ್ ಹುಟ್ಟಿದ ಹೊನ್ನಾವರದ ಸೀಮೆ ದಾಟಿ ಕುಮಟಾದಲ್ಲಿ ಬಸ್ಸು ಬದಲಾಯಿಸಿದೆವು. ಅಲ್ಲಿಂದ ಅಂಕೋಲಾ ದಾರಿಯಲ್ಲಿ ಸುಮಾರು 11 ಕಿಲೋಮೀಟರು. ಹೆದ್ದಾರಿಯಲ್ಲಿ ಇಳಿದು ಅರ್ಧ ಕಿಲೋಮೀಟರು ನಡೆದರೆ, ಆಹಾ! ಮಳೆಗಾಲ ಆಗಷ್ಟೇ ಮುಗಿದಿತ್ತು. ಚಿರೆಕಲ್ಲಿನ ಗೋಡೆ, ದುಂಡನೆಯ ಬುರುಜು, ಕಂದಕ, ಎಲ್ಲಕ್ಕೂ ಹಸಿರು ಹುಲ್ಲಿನ ಹೊದಿಕೆ. ಹತ್ತು ಎಕರೆಯಷ್ಟು ಜಾಗ. ಯಾವ ಸೆಟ್ ಹಾಕಿದರೂ ಈ ಬಣ್ಣ ಬರಲಿಕ್ಕಿಲ್ಲ.

ಗೆಳೆಯನಿಗೆ ಇದ್ಯಾವುದೂ ಕಾಣಲಿಲ್ಲ. ನಕ್ಷೆ ಬಿಚ್ಚಿದ. “ಬಾವಿಯಿಂದ ಈಶಾನ್ಯಕ್ಕೆ ನಲವತ್ತು ಹೆಜ್ಜೆ.” ಸರಿ, ಯಾವ ಬಾವಿ? ಈ ಕೋಟೆಯೊಳಗೆ ಬಾವಿಗಳೇ ಹಲವು! ಒಂದರಿಂದ ಎಣಿಸಿದರೆ ಗೋಡೆಗೆ ಮೂಗು ತಾಗಿತು. ಇನ್ನೊಂದರಿಂದ ಎಣಿಸಿದರೆ ಹುಡುಗ ಹುಡುಗಿಯರು ಫೋಟೋ ತೆಗೆಸಿಕೊಳ್ಳುತ್ತಿದ್ದ ಜಾಗ. ಮೂರನೆಯದರಿಂದ ಎಣಿಸಿ ನಿಂತವನು ಚೀಲದಿಂದ ಸಣ್ಣದೊಂದು ಹಾರೆ ಹೊರಗೆಳೆದ. ನನ್ನ ಎದೆ ಧಸಕ್ಕೆಂದಿತು.

ಕೈ ಹಿಡಿದೆ. “ಮಾರಾಯ, ಇದು ಸರ್ಕಾರ ಕಾಯುವ ಕೋಟೆ. 1958ರ ಕಾಯ್ದೆ ಪ್ರಕಾರ ಹಾಳು ಮಾಡಿದವರಿಗೆ ಎರಡು ವರ್ಷದವರೆಗೆ ಜೈಲು, ಲಕ್ಷ ರೂಪಾಯಿವರೆಗೆ ದಂಡ. ನಿಧಿ ಸಿಕ್ಕಿದರೂ ನಿಂದಲ್ಲ. ಹತ್ತು ರೂಪಾಯಿಗಿಂತ ಹೆಚ್ಚಿನದು ಸಿಕ್ಕಿದರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ 1878ರಲ್ಲೇ ಕಾನೂನು ಆಗಿದೆ!”

ಅವನು ಬುರುಜಿನ ಮೇಲೆ ಕುಸಿದು ಕೂತ. ಆಮೇಲೆ ಬಾಯಿಬಿಟ್ಟ. ತಂಗಿಯ ಮದುವೆ ಸಾಲ, ಬಡ್ಡಿಯವನ ಕಾಟ. ನಿಧಿ ಹುಚ್ಚು ಸಿನಿಮಾದಿಂದ ಬಂದದ್ದಲ್ಲ, ಸಾಲದಿಂದ ಬಂದದ್ದು. ನಾನು ನಕ್ಕಿದ್ದಕ್ಕೆ ನನಗೇ ನಾಚಿಕೆಯಾಯಿತು.

ಇಲ್ಲಿ ಚಿನ್ನ ಸಿಕ್ಕಿಲ್ಲವೇ? ಸಿಕ್ಕಿದೆ! 2000-01ರಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ಪೋರ್ಚುಗೀಸರ ಕಾಲದ ಒಂದು ಚಿನ್ನದ ನಾಣ್ಯ ಸಿಕ್ಕಿತು. ಹೌದು, ಒಂದೇ ಒಂದು! ಜೊತೆಗೆ ಫಿರಂಗಿ ಗುಂಡುಗಳು, ಚೀನಾದ ಪಿಂಗಾಣಿ ಚೂರುಗಳು. ಮಾರಲು ಹೋದರೆ ಆ ಚೂರಿಗೆ ನಾಲ್ಕಾಣೆ ಕೊಡುವವರಿಲ್ಲ. ಆದರೆ ಚೀನಾದ ತಟ್ಟೆ ಈ ಹಳ್ಳಿಗೆ ಹೇಗೆ ಬಂತು ಎಂದು ಕೇಳಿ ನೋಡಿ, ಇಡೀ ಕಥೆ ಬಿಚ್ಚಿಕೊಳ್ಳುತ್ತದೆ. ಹಾರೆ ಹಾಕಿದವನಿಗೆ ಆ ಕಥೆ ಸಿಗದು. ಅವನು ಚಿನ್ನ ಹುಡುಕಿ ಚೂರು ಎಸೆಯುತ್ತಾನೆ.

ಆ ಕಥೆಯ ನಾಯಕಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ. 1552ರಿಂದ 1606ರವರೆಗೆ, 54 ವರ್ಷ ಆಳಿದಾಕೆ! ಮಲೆನಾಡಿನ ಕರಿಮೆಣಸು ಘಟ್ಟ ಇಳಿದು ಈ ಕರಾವಳಿಗೆ ಬಂದು ಹಡಗು ಹತ್ತುತ್ತಿತ್ತು. ಪಕ್ಕದಲ್ಲೇ ಅಘನಾಶಿನಿ ನದಿ, ಮುಂದೆ ಸಮುದ್ರ. ಪೋರ್ಚುಗೀಸರೇ ಆಕೆಯನ್ನು ‘ಮೆಣಸಿನ ರಾಣಿ’ ಎಂದು ಕರೆದರು. ಕೊನೆಗೆ ಕೆಳದಿ ನಾಯಕರ ಕೈಲಿ ಸೋತು, ಸೆರೆಯಲ್ಲೇ ಕಣ್ಣುಮುಚ್ಚಿದಳು. ಕ್ಲೈಮ್ಯಾಕ್ಸ್‌ನಲ್ಲಿ ಕುದುರೆ ಏರಿ ಬಿಡಿಸಲು ಯಾರೂ ಬರಲಿಲ್ಲ.

“ಹಾಗಾದ್ರೆ ಇಲ್ಲಿನ ನಿಧಿ ಅಂದ್ರೆ ಮೆಣಸಾ?” ಗೆಳೆಯ ಕೇಳಿದ.

“ಮತ್ತೇನು!”

ಆ ದಿನ ಮೊದಲ ಸಲ ನಕ್ಕ. ಕುಮಟಾದಲ್ಲಿ ಬಸ್ಸಿಗೆ ಕಾಯುವಾಗ ನಕ್ಷೆ ಹರಿದು ಹಾಕಿ, ಅಂಗಡಿಯಲ್ಲಿ ನೂರು ಗ್ರಾಂ ಕರಿಮೆಣಸು ಕಟ್ಟಿಸಿಕೊಂಡ. ಸಾಲ ಹಾಗೇ ಇದೆ. ಈಗ ಭಾನುವಾರವೂ ಕೆಲಸಕ್ಕೆ ಹೋಗಿ ಕಂತು ಕಂತಾಗಿ ತೀರಿಸುತ್ತಿದ್ದಾನೆ.

ಗೆಳೆಯರೇ, ಗೋಕರ್ಣಕ್ಕೆ ಹೋಗುವವರು ದಾರಿಯಲ್ಲಿ ಮಿರ್ಜಾನಿಗೆ ಇಳಿಯಿರಿ. ಹಾರೆ ಬೇಡ, ಕಣ್ಣು ಸಾಕು. ‘ಸ್ವಾಮಿ’ ಯಾರಾದರೂ ನಕ್ಷೆ ಮಾರಲು ಬಂದರೆ ಒಂದೇ ಮಾತು ಕೇಳಿ: “ನಿಧಿಯ ಜಾಗ ಗೊತ್ತಿದ್ದೂ ನೀವ್ಯಾಕೆ ಸ್ವಾಮಿ ಇನ್ನೂ ಬಸ್ಸಲ್ಲೇ ಓಡಾಡ್ತೀರಿ?”